ಪವಾಯಿ ಶಸ್ತ್ರಾಗಾರದಲ್ಲಿ ಒಂದು ‘ಖಾಲಿ’

2019ರಲ್ಲಿ ನಾನು ಮುಂಬೈನ ಪವಾಯಿ ಬಳಿಯ ಒಂದು ಭದ್ರತಾ ಪಡೆಯ ಶಿಬಿರದಲ್ಲಿ ಆರ್ಮರರ್ ಆಗಿದ್ದೆ. ಆಯುಧಗಳ ರಿಪೇರಿ, ಕಾಪು ನನ್ನ ಕೆಲಸ. ನಮ್ಮಲ್ಲಿದ್ದ 9 ಎಂಎಂ ಪಿಸ್ತೂಲು 1935ರ ಬೆಲ್ಜಿಯಂ ವಿನ್ಯಾಸ. ಎರಡನೇ ಮಹಾಯುದ್ಧದಲ್ಲಿ ಕೆನಡಾದಲ್ಲೂ ತಯಾರಾಯಿತು; ಆಮೇಲೆ ನಮ್ಮ ದೇಶದಲ್ಲೇ ತಯಾರಾಗಿ ಸೇನೆಯವರ, ಪೊಲೀಸರ ಸೊಂಟ ಸೇರಿತು. ಮ್ಯಾಗಜಿನ್‌ನಲ್ಲಿ ಹದಿಮೂರು ಗುಂಡು. ಮ್ಯಾಗಜಿನ್ ತೆಗೆದರೆ ಟ್ರಿಗರ್ ಕೆಲಸ ಮಾಡದು. ಫ್ರೆಂಚ್ ಸೇನೆ ಕೇಳಿತೆಂದು ಸೇರಿಸಿದ ಸುರಕ್ಷತೆ ಇದು. ಕೊನೆಗೆ ಫ್ರೆಂಚರು ಬೇರೆ ಪಿಸ್ತೂಲು ಆರಿಸಿಕೊಂಡರು. ಹೀಗಾಗಿ, ಎತ್ತಿ ನಿಂತ ಹ್ಯಾಮರ್, ಅಂದರೆ ಗುಂಡು ಸಿಡಿಸುವ ಸುತ್ತಿಗೆ, ಇಳಿಸಲು ಗುಂಡಿಲ್ಲದ ಮ್ಯಾಗಜಿನ್ ಹಾಕಿಯೇ ಟ್ರಿಗರ್ ಎಳೆಯಬೇಕು. ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ, ಗುಂಡು ಉಳಿದಿದ್ದರೆ ಆಗ ಹಾರುತ್ತದೆ.

ಜೂನ್‌ನ ಒಂದು ಬೆಳಿಗ್ಗೆ ಸಾತಾರಾದ ಜವಾನ್ ಗಣಪತ್ ಡ್ಯೂಟಿ ಮುಗಿಸಿ ಪಿಸ್ತೂಲು ವಾಪಸು ಕೊಡಲು ಶಸ್ತ್ರಾಗಾರದ ಕೌಂಟರಿಗೆ ಬಂದ. ಮ್ಯಾಗಜಿನ್ ತೆಗೆದು ಪಿಸ್ತೂಲನ್ನು ನನ್ನ ಸಹಾಯಕ ಮಲ್ಲಪ್ಪನಿಗೆ ಕೊಟ್ಟ. ಮಲ್ಲಪ್ಪ ಬಾಗಲಕೋಟೆಯವನು, ಮುಂಬೈಗೆ ಹೊಸಬ.

“ಸಾಹೇಬ್ರ, ಇದು ನಮ್ಮಜ್ಜನ್ಕಿಂತ ಹಳೇದೈತಿ. ಇನ್ನೂ ಪೆನ್ಶನ್ ಕೊಟ್ಟಿಲ್ಲೇನ್ರಿ?” ಎಂದು ನಗುತ್ತ ನನ್ನತ್ತ ತಿರುಗಿದ. ಪಿಸ್ತೂಲಿನ ಮೂತಿಯೂ ತಿರುಗಿತು. “ಗಣ್ಪತ್ ಭಾವೂ, ಖಾಲಿ ಹೈ ಕ್ಯಾ?”

“ಅರೇ, ಖಾಲಿ! ಖಾಲಿ!”

ಹ್ಯಾಮರ್ ಇಳಿಸಲು ಮಲ್ಲಪ್ಪ ಗುಂಡಿಲ್ಲದ ಮ್ಯಾಗಜಿನ್ ಹಾಕಿ ಟ್ರಿಗರ್ ಎಳೆದ. ಗುಂಡು ನನ್ನ ತೊಡೆಯ ಪಕ್ಕದ ಬಾಗಿಲ ಚೌಕಟ್ಟನ್ನು ಹೊಕ್ಕಿತು. ಕಿವಿ ಗುಂಯ್ ಎನ್ನುತ್ತಿತ್ತು. ತೊಡೆ ಮುಟ್ಟಿ ನೋಡಿಕೊಂಡೆ. ಮತ್ತೆ ಮುಟ್ಟಿ ನೋಡಿಕೊಂಡೆ.

ವಿಚಾರಣೆ ನಡೆಯಿತು. ಪಿಸ್ತೂಲಿನ ಮೇಲೆ ಹಿಂದಕ್ಕೆ ಸರಿಯುವ ಸ್ಲೈಡ್ ಎಳೆದು ಚೇಂಬರ್ ಬರಿದು ಮಾಡದ ತಪ್ಪನ್ನು ಗಣಪತ್ ಒಪ್ಪಿಕೊಂಡ. ಅದಕ್ಕೆ ಶಿಕ್ಷೆ ಸಣ್ಣದು. ಗುಂಡಿಲ್ಲವೆಂದು ಸುಳ್ಳು ಹೇಳಿದ್ದು ಸಾಬೀತಾದರೆ ಮಾತ್ರ ನೌಕರಿ ಹೋಗುತ್ತಿತ್ತು. “ಹಾಗೆ ನಾನು ಹೇಳಲೇ ಇಲ್ಲ” ಎಂದ. ಮಲ್ಲಪ್ಪ, “ನನ್ನ ಕಿವ್ಯಾರೆ ಕೇಳೇನ್ರಿ” ಎಂದ. ನಾನೂ ಕೇಳಿದ್ದೆ. ಸಾಕ್ಷಿ ನಾನೊಬ್ಬನೇ. ಸಾಕ್ಷಿ ಹೇಳುವ ಹಿಂದಿನ ರಾತ್ರಿ ನಿದ್ದೆ ಹತ್ತಲಿಲ್ಲ, ಆ ಕ್ಷಣವನ್ನೇ ತಿರುವಿ ತಿರುವಿ ನೋಡಿದೆ. ಮಾತಿನ ಜೊತೆಗೆ ಗಣಪತ್‌ನ ಅಂಗೈ ಕಣ್ಣಿಗೆ ಬಂತು. ಕೂಗುತ್ತಲೇ ಅದು ಗಾಳಿಯನ್ನು ಕೆಳಕ್ಕೆ ಒತ್ತುತ್ತಿತ್ತು.

ವಿಚಾರಣಾಧಿಕಾರಿ ಲಖನೌ ಕಡೆಯವರು. “ಖಾಲಿ ಬೋಲಾ ಕಿ ನಹೀಂ? ಹಾಂ ಯಾ ನಾ?” ಅವನು ಖಾಲಿ ಅಂದನೋ ಇಲ್ಲವೋ ಎಂದು ನನ್ನನ್ನು ಕೇಳಿದರು.

“ಬೋಲಾ, ಸರ್. ಲೇಕಿನ್ ಮರಾಠೀ ಮೇಂ ಬೋಲಾ.” ಅಂದದ್ದು ಹೌದು, ಆದರೆ ಮರಾಠಿಯಲ್ಲಿ ಎಂದೆ.

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಮೂತಿ ನನ್ನತ್ತ ಇದ್ದುದನ್ನು ಕಂಡು, ಕೆಳಗಿಳಿಸು ಎಂದು ಅವನು ಕೂಗಿದ್ದ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಯ ಮಾತು; ಏನು ಕೂಗಿದೆನೆಂಬುದು ಅವನಿಗೇ ನೆನಪಿರಲಿಲ್ಲ. ನಾನು ಕಂಡ ಅಂಗೈಯನ್ನು ಅಧಿಕಾರಿಯೆದುರು ಹಾಗೆಯೇ ಆಡಿಸಿ ತೋರಿಸಿದೆ. ಅವರು ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು. ಗಣಪತ್‌ನ ನೌಕರಿ ಉಳಿಯಿತು.

ಆಯುಧದ ಸ್ಥಿತಿಯನ್ನು ಅದರ ಟ್ರಿಗರ್‌ನಿಂದಲೂ ತಿಳಿಯಬಾರದು, ಯಾರ ಬಾಯಿಂದಲೂ ತಿಳಿಯಬಾರದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಆಮೇಲೆ ನಮ್ಮ ಕೌಂಟರಿನಲ್ಲಿ ಮಾತೇ ನಿಂತುಹೋಯಿತು. ಕೊಡುವವನು ಸ್ಲೈಡ್ ತೆರೆದು ಹಿಡಿಯಬೇಕು, ಪಡೆಯುವವನು ಬೆರಳಿಟ್ಟು ಚೇಂಬರ್ ಮುಟ್ಟಬೇಕು. ಮಲ್ಲಪ್ಪ ಮುಟ್ಟಿದ ಮೇಲೂ ನಾನು ಒಮ್ಮೆ ಮುಟ್ಟುತ್ತಿದ್ದೆ. ಅವನು ಅದಕ್ಕೆ ಬೇಸರಿಸಿಕೊಳ್ಳಲಿಲ್ಲ.