ಫಕೀರವ್ವನ ಬೀಸುಕಲ್ಲು

1938ರ ಒಂದು ಬೆಳಿಗ್ಗೆ ರೂತಬಾಯಿ ಗಂಡನ ಜೊತೆ ಒಳಗೆ ಬಂದಾಗ ಫಕೀರವ್ವ ಜೋಳ ಬೀಸುತ್ತಿದ್ದಳು. ಗಡಹಿಂಗ್ಲಜದ ಕ್ರೈಸ್ತ ಮನೆಗಳಲ್ಲಿ ಮನಸ್ಸು ಮುರಿದರೆ ಸತ್ಯವೇದ ಹಿಡಿದು ಬುದ್ಧಿ ಹೇಳುವವಳು ಅವಳೇ. ಈ ಸಲ ಮುರಿದದ್ದು ಸಭಾಪಾಲಕ ದಾನಿಯೇಲಪ್ಪನ ಮನೆ. ಗಂಡ ಹೆಂಡತಿಗೆ ಮಾತು ನಿಂತು ತಿಂಗಳಾಗಿತ್ತು. ರೂತಬಾಯಿ ತವರಿಗೆ ಹೋಗಲು ಗಂಟು ಕಟ್ಟಿಕೊಂಡೇ ಬಂದಿದ್ದಳು.

“ಎದರಾ ಬದರಾ ಕುಂದರ್ರಿ. ಇಬ್ಬರೂ ಗೂಟಾ ಹಿಡೀರಿ,” ಎಂದಳು ಫಕೀರವ್ವ.

“ಗಂಡಸ ಬೀಸೂದೇನವ್ವಾ?” ಎಂದ ದಾನಿಯೇಲಪ್ಪ.

“ಯೇಸುಸ್ವಾಮಿ ಶಿಷ್ಯರ ಕಾಲ ತೊಳದಾನ. ನಿಮಗ ಜ್ವಾಳ ಭಾರ ಆತೇನ್ರಿ, ಪಾಳಕರ?”

ಅವನು ಕುಳಿತ. ಸಭೆಯನ್ನು ಆಶೀರ್ವದಿಸುವ ಕೈ ತನ್ನ ಕೈಗೆ ತಾಗಿಕೊಂಡು ಕಲ್ಲು ತಿರುಗಿಸುವುದನ್ನು ರೂತಬಾಯಿ ಬೆರಗಾಗಿ ನೋಡಿದಳು.

“ಸಾವಕಾಶ್ರಿ, ಕಾಳ ಚೆಲ್ಲತಾವ,” ಎಂಬ ಮಾತು ತಾನಾಗಿ ಅವಳ ಬಾಯಿಂದ ಬಂತು.

ಫಕೀರವ್ವ ಆಗ ಸತ್ಯವೇದ ತೆರೆದಳು.

ಅಂದು ಮಧ್ಯಾಹ್ನ ಆ ಹಿಟ್ಟಿನಿಂದ ರೂತಬಾಯಿ ಗಂಡನ ಮನೆಯಲ್ಲೇ ರೊಟ್ಟಿ ಬಡಿದಳು.