ಗಂಜಿ ಇನ್ನೂ ಬಿಸಿ ಇತ್ತು

ಪೂವಮ್ಮ ಮೊದಲ ಸಲ ಬಂದದ್ದು ಒಂದು ಸೋಮವಾರ, ಬೆಳ್ಯಪ್ಪಜ್ಜನ ತಿಥಿ ಕಳೆದು ನಾಲ್ಕನೇ ದಿನ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಕಕ್ಕಬೆಯ ಬೊಳ್ಳಮ್ಮ ಅಂಗಳದಲ್ಲಿ ಏಲಕ್ಕಿ ಆರಿಸುತ್ತಿದ್ದಳು. ಬಂದವಳಿಗೆ ಐವತ್ತರ ಹತ್ತಿರ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು, ಕೈಯಲ್ಲಿ ಕೊಡೆ. ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಗೇಟು ಕಾಣುವ ಹಾಗೆ ಕೂತಳು.

"ತಂಗಮ್ಮ ಕಳಿಸಿದ್ದು. ಚೆಟ್ಟಳ್ಳಿಗೆ ಕೊಟ್ಟ ಬೆಳ್ಯಪ್ಪಜ್ಜನ ಮಗಳು. ಅಪ್ಪ ಹೇಗೆ ತೀರಿಕೊಂಡರು ಅಂತ ಅವಳಿಗೆ ತಿಳೀಬೇಕಂತೆ."

"ನೀವು ಪೊಲೀಸಾ?"

"ಅಲ್ಲ ಅಕ್ಕ. ಮೊದಲು ವಿರಾಜಪೇಟೆಯಲ್ಲಿ ನರ್ಸಾಗಿದ್ದೆ. ಗಂಡ ಬರ್ಮಾ ಯುದ್ಧದಿಂದ ತಿರುಗಿ ಬರಲಿಲ್ಲ. ಈಗ ಪೊಲೀಸಿಗೆ ಹೇಳಲಾರದ್ದನ್ನ ಜನ ನನಗೆ ಹೇಳ್ತಾರೆ. ವಿಚಾರಿಸಿ ಕೊಡ್ತೇನೆ."

"ಪತ್ತೆ ಮಾಡುವವರಿಗೆ ಮೀಸೆ ಇರ್ತದೆ ಅಂತ ತಿಳಿದಿದ್ದೆ."

"ಬರ್ತಾ ಉಂಟು" ಎಂದು ಪೂವಮ್ಮ ಮೇಲ್ದುಟಿ ಸವರಿಕೊಂಡಳು.

ಬೊಳ್ಳಮ್ಮ ನಕ್ಕಳು. ಹದಿನೈದು ದಿನದಲ್ಲಿ ನಕ್ಕದ್ದು ಅದೇ ಮೊದಲು.

"ಒಳ್ಳೇ ಹಿತ್ತಾಳೆ ತಂಬಿಗೆ ಬೇಲಿಗೂಟಕ್ಕೆ ಕವುಚಿ ಹಾಕಿದ್ದೀರಿ. ಒಳಗೆ ಮಣ್ಣಿನ ಚಟ್ಟಿಯಲ್ಲಿ ನೀರು. ಯಾಕಕ್ಕ?"

ಬೊಳ್ಳಮ್ಮನ ಕೈ ನಿಂತಿತು.

ಪೂವಮ್ಮ ಒತ್ತಾಯಿಸಲಿಲ್ಲ. "ಅಜ್ಜ ಎಷ್ಟು ಗಂಟೆಗೆ ಹೋದರು ಅಂತ ಊರೆಲ್ಲ ಕೇಳಿದೆ. ಮೂರು ಗಂಟೆಗೆ, ಕೋವಿ ಸದ್ದು ಕೇಳಿತಲ್ಲ ಅಂತಾರೆ. ನಮ್ಮಲ್ಲಿ ಸಾವಾದರೆ ಮನೆಯವರು ಎರಡು ಗುಂಡು ಹಾರಿಸಿ ಊರಿಗೆ ತಿಳಿಸ್ತಾರೆ, ಅದರ ಮೇಲೆ ಯಾರೂ ಮಾತು ಕೇಳೋದಿಲ್ಲ. ನಾನು ಕೇಳ್ತೇನೆ. ಗುಂಡು ಹೊಡೆದಾಗ ನೀವೆಲ್ಲಿದ್ರಿ?"

"ಇಲ್ಲೇ."

ಪೂವಮ್ಮ ಕೊಡೆ ಹಿಡಿದು ಹೋದಳು. ಮಾರನೇ ದಿನ ಬಂದಳು, ಅದರ ಮಾರನೇ ದಿನವೂ ಬಂದಳು. ಸುಮ್ಮನೆ ಕೂತು ಜೊತೆಗೆ ಏಲಕ್ಕಿ ಆರಿಸಿದಳು. ನಾಲ್ಕನೇ ದಿನ ಬೊಳ್ಳಮ್ಮ ಬಾಯಿ ಬಿಟ್ಟಳು.

ಅಜ್ಜ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುತ್ತಿದ್ದದ್ದು ಅವರ ತಮ್ಮನ ಮಗ ಕುಶಾಲಪ್ಪ. ಗದ್ದೆಯಾಚೆಯ ಆ ಮನೆಗೆ ಬೊಳ್ಳಮ್ಮ ದಿನಾ ಮಧ್ಯಾಹ್ನ ಗಂಜಿ ಕೊಂಡುಹೋಗುತ್ತಿದ್ದಳು. ಆ ದಿನ ಹಿತ್ತಲ ಮೆಟ್ಟಿಲು ಹತ್ತುವಾಗ ಮುಂದಿನ ಅಂಗಳದಲ್ಲಿ ಕೋವಿ ಎರಡು ಸಲ ಸಿಡಿಯಿತು. ಅಜ್ಜ ಹೋದರು ಎಂದುಕೊಂಡು ಗಂಜಿಯ ತಂಬಿಗೆ ಮೆಟ್ಟಿಲಲ್ಲೇ ಇಟ್ಟು ಕಿಟಕಿಯಲ್ಲಿ ಇಣುಕಿದಳು. ಅಜ್ಜನ ಕಣ್ಣು ತೆರೆದಿತ್ತು. ಅವಳನ್ನು ನೋಡಿ ತುಟಿ ಅಲ್ಲಾಡಿಸಿದರು, ನೀರು ಕೇಳುವ ಹಾಗೆ. ಅಷ್ಟರಲ್ಲಿ ಕುಶಾಲಪ್ಪ ಒಳಗೆ ಬಂದ. ಅಜ್ಜನನ್ನು ನೋಡಿದ. ಕೋವಿಯನ್ನು ಗೋಡೆಗೆ ಒರಗಿಸಿದ, ಮೆಲ್ಲಗೆ, ಬೀಳದ ಹಾಗೆ. ಆಮೇಲೆ ದಿಂಬು ಎತ್ತಿಕೊಂಡ.

ಬೊಳ್ಳಮ್ಮ ಗದ್ದೆ ದಾಟಿ ಓಡಿದಳು. ಕೂಗಬೇಕಿತ್ತು. ಕೂಗಲಿಲ್ಲ. ತಂಬಿಗೆ ಮೆಟ್ಟಿಲಲ್ಲೇ ಉಳಿಯಿತು.

"ಅಜ್ಜ ತೋಟವನ್ನ ಮಗಳ ಹೆಸರಿಗೆ ಬರೆಸುವವರಿದ್ದರು," ಎಂದಳು ಪೂವಮ್ಮ. "ಅದಕ್ಕೇ ಇದು. ಮೊದಲ ಸಲ ದಿಂಬು ಒತ್ತಿದಾಗಲೇ ಸತ್ತರು ಅಂತ ತಿಳಿದು ಗುಂಡು ಹಾರಿಸಿದ. ಊರಿಗೆ ಗುಂಡು ಕೇಳಿಸಿದ ಮೇಲೆ ಅಜ್ಜ ಬದುಕಿರುವ ಹಾಗಿರಲಿಲ್ಲ. ಆ ತಂಬಿಗೆ?"

ಅದನ್ನು ಸಾವಿನ ಮಾರನೇ ದಿನ ಕುಶಾಲಪ್ಪನೇ ಬೂದಿ ಹಾಕಿ ಬೆಳಗಿ ತಂದಿದ್ದ.

"ಯಾವಾಗ ಇಟ್ಟದ್ದು ಬೊಳ್ಳಮ್ಮಕ್ಕ?" ಎಂದು ಅವನು ಕೇಳಿದ್ದ.

"ಬೆಳಿಗ್ಗೆ."

"ಬೆಳಿಗ್ಗೆಯಾ. ಗಂಜಿ ಇನ್ನೂ ಬಿಸಿ ಇತ್ತು."

ಅಷ್ಟೇ ಹೇಳಿ ಹೋದ. ಅಂದಿನಿಂದ ದಿನಾ ಸಂಜೆ ಅವಳ ಗೇಟಿನ ಹತ್ತಿರ ನಿಲ್ಲುತ್ತಿದ್ದ, ಕೋವಿ ಹಿಡಿದು, ಕಾಡುಹಂದಿಗೆ ಹೊಂಚು ಹಾಕುವವನ ಹಾಗೆ.

"ಇದನ್ನ ಹೇಳಿದರೆ ಇಲ್ಲಿ ನಾನೊಬ್ಬಳು ಹೇಗೆ ಬದುಕೋದು?"

"ಹೇಳದೆ ಹೇಗೆ ಬದುಕ್ತಾ ಇದ್ದೀರಿ?" ಪೂವಮ್ಮ ಒಂದು ಏಲಕ್ಕಿಯನ್ನು ಬೆರಳಲ್ಲಿ ತಿರುಗಿಸಿದಳು. "ನನಗೂ ಹೆದರಿಕೆ ಉಂಟು ಅಕ್ಕ. ನಾನು ಸತ್ಯ ಹೊರಗೆ ತೆಗೆದ ಒಂದೊಂದು ಮನೆಯಲ್ಲೂ ನನ್ನನ್ನ ಕಂಡರಾಗದವರು ಇದ್ದಾರೆ. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಮಲಗ್ತೇನೆ. ಹೆದರಿಕೆ ಹೋದ ಮೇಲೆ ಮಾಡ್ತೇನೆ ಅಂತ ಕೂತರೆ ಯಾವುದೂ ಆಗೋದಿಲ್ಲ."

ಭಾನುವಾರ ಬೆಳ್ಯಪ್ಪಜ್ಜನ ಮನೆಯಲ್ಲಿ ಊರ ಹಿರಿಯರು ಸೇರಿದರು. ಬೊಳ್ಳಮ್ಮ ತಂಬಿಗೆ ಹಿಡಿದು ನಿಂತು ಎಲ್ಲವನ್ನೂ ಹೇಳಿದಳು. ಪೂವಮ್ಮ ಅವಳ ಇನ್ನೊಂದು ಕೈ ಹಿಡಿದಿದ್ದಳು. ಹಿರಿಯ ನಾಣಯ್ಯ ಒಳಗೆ ದೀಪ ಹಚ್ಚಿಸಿದ. "ಸುಳ್ಳಾದರೆ ಗುರುಹಿರಿಯರ ಮುಂದೆ ಆಣೆ ಇಡು ಕುಶಾಲಪ್ಪ." ಕುಶಾಲಪ್ಪ ದೀಪ ನೋಡಿದ, ತಂಬಿಗೆ ನೋಡಿದ. ಕೈ ಮೇಲೇಳಲಿಲ್ಲ. ಮಧ್ಯಾಹ್ನ ಪೊಲೀಸರ ಜೀಪು ಅವನನ್ನು ಮಡಿಕೇರಿಗೆ ಕೊಂಡುಹೋಯಿತು.

ಮೂರು ವರ್ಷ ಕಳೆದು, ಕೊಡಗು ಮೈಸೂರಿಗೆ ಸೇರುತ್ತದೆಂದು ಬಸ್ಸಿನಲ್ಲೆಲ್ಲ ಮಾತಾಗುತ್ತಿದ್ದಾಗ, ಪೂವಮ್ಮ ಜ್ವರ ಹಿಡಿದು ಅಣ್ಣನ ಮಕ್ಕಳ ಮನೆಯಲ್ಲಿ ಮಲಗಿದಳು. ಬೊಳ್ಳಮ್ಮ ಅದೇ ತಂಬಿಗೆಯಲ್ಲಿ ಗಂಜಿ ಕೊಂಡುಹೋದಳು. ಮಂಚದ ಎದುರು ಗೋಡೆಯಲ್ಲಿ ಮನೆಯ ಕೋವಿ ತೂಗುತ್ತಿತ್ತು. ಪೂವಮ್ಮ ಕಣ್ಣು ಅದರಿಂದ ತೆಗೆಯಲಿಲ್ಲ. ಎರಡು ಚಮಚ ಕುಡಿದು ಬೊಳ್ಳಮ್ಮನ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು.

"ನಾನು ಹೋದೆ ಅಂತ ಅದನ್ನ ಕೆಳಗಿಳಿಸುವ ಮೊದಲು ನೀನೇ ಬಂದು ನನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡ್ತೀಯಾ?"