ಭಾವನ ಕೈಗಡಿಯಾರ, ಅಕ್ಕನ ಓಟ

ನಮ್ಮ ಭಾವನದು ಬೇಕರಿ. ಹಿಟ್ಟು, ಸಕ್ಕರೆ, ಬೆಣ್ಣೆ ಯಾವುದನ್ನೂ ತೂಕಕ್ಕೆ ಹಾಕದೆ ಮುಟ್ಟುವವರಲ್ಲ. ತಮ್ಮನ್ನು ಮಾತ್ರ ತೂಗಿಕೊಳ್ಳುತ್ತಿರಲಿಲ್ಲ. ಅವರ ಮೊಣಕಾಲು ನೋಡಿದ ಡಾಕ್ಟರು, "ಒಂದು ತಿಂಗಳಲ್ಲಿ ನಾಲ್ಕು ಕಿಲೋ ಇಳಿಸಿ. ಇಲ್ಲಾಂದ್ರೆ ಪಿಕಲ್‌ಬಾಲ್ ಬಂದ್" ಎಂದು ಖಡಾಖಂಡಿತವಾಗಿ ಹೇಳಿದ್ದರು. ಭಾವ ಕೂಡಲೇ ಹೋಗಿ ಕ್ಯಾಲೊರಿ ಲೆಕ್ಕ ಹಾಕುವ ಕೈಗಡಿಯಾರ ಕೊಂಡುತಂದರು.

ಪಿಕಲ್‌ಬಾಲ್ ಅಂದರೆ ಪುಟ್ಟ ಅಂಗಳದ ಟೆನಿಸ್ ಇದ್ದ ಹಾಗೆ; ಅಕ್ಕ, ಭಾವ ಜೋಡಿಯಾಗಿ ಆಡುತ್ತಾರೆ. ಜೋಡಿ ಅನ್ನುವುದು ಹೆಸರಿಗಷ್ಟೇ. ಭಾವ ನೆಟ್ ಹತ್ತಿರ ಕಂಬದ ಹಾಗೆ ನಿಂತು, ಚೆಂಡು ಎಲ್ಲಿ ಬಂದರೂ "ನಿಂದು, ನಿಂದು!" ಎಂದು ಕೂಗುವರು. ಅಕ್ಕ ಎದ್ದೆನೋ ಬಿದ್ದೆನೋ ಎಂದು ಓಡುವಳು. ಅಂಕ ಎಣಿಸುವವಳು ನಾನು. ಚೆಂಡು ಗೆರೆ ದಾಟಿತು ಅಂದೆನೋ, ಮುಗಿಯಿತು ನನ್ನ ಕಥೆ. ಭಾವನ ಮುಖ ಕೆಂಪಾಗಿ, ಕೂಗಾಟ ಬೀದಿಗೆಲ್ಲ ಕೇಳುತ್ತಿತ್ತು.

ಆಟ ಮುಗಿದ ಮೇಲೆ ನನ್ನತ್ತ ಕೈ ಚಾಚಿ, "ನೋಡಮ್ಮ, ಆರುನೂರು ಕ್ಯಾಲೊರಿ ಸುಟ್ಟಿದೀನಿ!" ಎನ್ನುವರು. ಅದಕ್ಕೆ ಬಹುಮಾನ, ತಮ್ಮದೇ ಅಂಗಡಿಯ ಕೆನೆ ತುಂಬಿದ ಬನ್ನು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಗಡಿಯಾರ ಲೆಕ್ಕ ಹಾಕುವುದು ಎದೆಬಡಿತ ನೋಡಿ. ಓಡಿ ಏರಿತೋ, ಜಗಳವಾಡಿ ಏರಿತೋ, ಪಾಪ, ಅದಕ್ಕೇನು ಗೊತ್ತು!

ತಿಂಗಳು ಮುಗಿದು ಮತ್ತೆ ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಅಕ್ಕ ಅವರನ್ನು ಹಿಟ್ಟಿನ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿಸಿಯೇಬಿಟ್ಟಳು. ಒಂದು ಕಿಲೋ ಹೆಚ್ಚಾಗಿತ್ತು. ನನ್ನ ಒತ್ತಾಯಕ್ಕೆ ಅಕ್ಕನೂ ಹತ್ತಿದಳು. ಅವಳದು ನಾಲ್ಕು ಇಳಿದಿತ್ತು.

"ಲೆಕ್ಕ ನಿಮ್ಮ ಕೈಯಲ್ಲಿ ಭಾವ, ಕರಗಿದ್ದು ಮಾತ್ರ ಅಕ್ಕ!" ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ.

"ನಾನು ಏಳೋ ಹೊತ್ತಿಗೆ ನೀವು ಬೇಕರೀಲಿ. ನೀವು ಮನೆಗೆ ಬರೋ ಹೊತ್ತಿಗೆ ನಾನು ಕೆಲಸಕ್ಕೆ ಬಸ್ ಹತ್ತಿರ್ತೀನಿ. ನೀವು ನಂಗೆ ಸಿಗೋದು ಆ ಆಟದಲ್ಲಿ ಮಾತ್ರ ರೀ. ಅದನ್ನೂ ಕಳೀತೀರಾ?" ಎಂದಳು. ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಭಾವ ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟರು. ಮರುದಿನ ಡಾಕ್ಟರು ಚೆನ್ನಾಗಿ ಬೈದು, ಬನ್ನು ಬಿಡುವುದಾದರೆ ಇನ್ನೊಂದೇ ಒಂದು ತಿಂಗಳು ನೋಡೋಣ ಎಂದರು.

ಅಂದು ಸಂಜೆ ಚೆಂಡು ಇಬ್ಬರ ನಡುವೆ ಬಂತು. ಅಕ್ಕ ಅಭ್ಯಾಸಬಲದಿಂದ ಓಡಲು ಹೊರಟಳು.

"ಬಿಡೇ, ನಂದು!" ಎಂದು ಭಾವ ನುಗ್ಗಿದರು. ಹೊಡೆದದ್ದು ಸೀದಾ ನೆಟ್‌ಗೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಎದುರಾಳಿಗೆ ಅಂಕ ಕೊಟ್ಟೆ. ಜಗಳವಾಡಲು ಭಾವನಿಗೆ ಉಸಿರೇ ಉಳಿದಿರಲಿಲ್ಲ.